ಸ್ವಯಂಸೇವಕ ಅಗ್ನಿಶಾಮಕ ದಳ ಕಟ್ಟುವಾಗ ಮೊದಲು ವಾಹನ ಕೊಳ್ಳಬೇಕೆ, ನೀರಿನ ವ್ಯವಸ್ಥೆ ಮಾಡಬೇಕೆ?

ಹೊಲದಂಚು (ಪ್ರಶ್ನೆ)

ಮಾನ್ಯರೇ,

ನಮ್ಮದು ಮನೆಗಳು ದೂರದೂರಕ್ಕೆ ಚದುರಿಕೊಂಡಿರುವ ಒಂದು ಸಣ್ಣ ಗ್ರಾಮೀಣ ಸಮುದಾಯ. ಹೊಲಗಳು, ಹುಲ್ಲಿನ ಬಣವೆಗಳು, ದನದ ಕೊಟ್ಟಿಗೆಗಳು, ಒಂದು ಪಕ್ಕಕ್ಕೆ ಕಾಡು, ಇಷ್ಟು ನಮ್ಮ ವ್ಯಾಪ್ತಿ. ಹತ್ತಿರದ ವೃತ್ತಿಪರ ಅಗ್ನಿಶಾಮಕ ಠಾಣೆಯಿಂದ ವಾಹನ ಬಂದು ತಲುಪಲು ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅವರ ಮೇಲೆ ನಮಗೆ ಯಾವ ದೂರೂ ಇಲ್ಲ, ದಾರಿ ಇರುವುದೇ ಅಷ್ಟು. ಆದ್ದರಿಂದ ನಮ್ಮವರೇ ಸೇರಿ ಸ್ವಯಂಸೇವಕರ ಅಗ್ನಿಶಾಮಕ ದಳವೊಂದನ್ನು ಕಟ್ಟಬೇಕೆಂದು ತೀರ್ಮಾನಿಸಿ, ಹಣ ಕೂಡಿಸಲು ಆರಂಭಿಸಿದ್ದೇವೆ. ಆಡಳಿತದ ಅನುಮತಿಗಾಗಿ ಅರ್ಜಿಯನ್ನೂ ಕೊಟ್ಟಿದ್ದೇವೆ.

ಈಗ ಅಭಿಪ್ರಾಯ ಮೂರು ಕವಲಾಗಿದೆ. ಸೇವೆಯಿಂದ ತೆಗೆದ ಹಳೆಯ ಅಗ್ನಿಶಾಮಕ ವಾಹನವೊಂದು ನಮ್ಮ ಕೈಗೆಟಕುವ ಬೆಲೆಗೆ ಸಿಗುವಂತಿದೆ. ಕಣ್ಣಿಗೆ ಕಾಣುವ ವಾಹನವೊಂದು ಬಂದು ನಿಂತರೆ ಜನರಿಗೆ ನಂಬಿಕೆ ಬರುತ್ತದೆ, ಹಣವೂ ಸೇರುತ್ತದೆ, ಆದ್ದರಿಂದ ಅದನ್ನೇ ಮೊದಲು ಕೊಳ್ಳೋಣ ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು ರಕ್ಷಣಾ ಉಡುಪು ಮತ್ತು ಉಸಿರಾಟದ ಸಾಧನಗಳಿಲ್ಲದೆ ಯಾರನ್ನೂ ಬೆಂಕಿಯ ಬಳಿ ಕಳಿಸಬಾರದೆಂದು ಪಟ್ಟು ಹಿಡಿದಿದ್ದಾರೆ. ನೀರೇ ಇಲ್ಲದ ಕಡೆ ಇವೆರಡನ್ನೂ ಇಟ್ಟುಕೊಂಡು ಏನು ಮಾಡುವುದು ಎಂದು ಕೇಳುವ ಹಿರಿಯರೂ ಇದ್ದಾರೆ. ನಮ್ಮಲ್ಲಿ ಕೊಳವೆ ಜಾಲವಾಗಲಿ, ಹೋಸ್ ಜೋಡಿಸಿ ನೀರು ಪಡೆಯುವ ಬೀದಿಬದಿಯ ಹೈಡ್ರಂಟ್ ಆಗಲಿ ಇಲ್ಲ. ಒಂದು ಕೆರೆ, ಕೆಲವು ತೆರೆದ ಬಾವಿಗಳು ಮತ್ತು ಟ್ರಾಕ್ಟರಿಗೆ ಜೋಡಿಸುವ ಖಾಸಗಿ ನೀರಿನ ಟ್ಯಾಂಕರುಗಳು ಇವೆ.

ಇದರ ಜೊತೆಗೆ ನನ್ನನ್ನು ಹೆಚ್ಚು ಕಾಡುತ್ತಿರುವ ಇನ್ನೊಂದು ಸಂಗತಿಯೆಂದರೆ, ದಳಕ್ಕೆ ಹೆಸರು ಕೊಟ್ಟವರಲ್ಲಿ ಬಹುಪಾಲು ಜನ ಹಗಲು ಹೊತ್ತು ಕೆಲಸಕ್ಕಾಗಿ ಹೊರಗೆ ಹೋಗುತ್ತಾರೆ. ರಾತ್ರಿ ಬೆಂಕಿ ಬಿದ್ದರೆ ಕರೆದ ಕೂಡಲೇ ಜನ ಸೇರುತ್ತಾರೆ, ಮಧ್ಯಾಹ್ನ ಬಿದ್ದರೆ ಯಾರು ಬರುತ್ತಾರೆ?

ಇಂಥ ದಳಗಳಲ್ಲಿ ಕೆಲಸ ಮಾಡಿದವರು, ಅಥವಾ ಅವುಗಳ ನಿರ್ವಹಣೆಯನ್ನು ಹತ್ತಿರದಿಂದ ಬಲ್ಲವರು, ಯಾವುದನ್ನು ಮೊದಲು ಮಾಡಬೇಕು ಮತ್ತು ಯಾಕೆ ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

---

ಕೆರೆದಂಡೆ (ಉತ್ತರ)

ನಿಮ್ಮ ಹಿರಿಯರು ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಅದರ ಮೇಲೆಯೇ ನಿಂತಿವೆ.

ಉರಿಯುವ ಮನೆಗೆ ನಿಮಿಷಕ್ಕೆ ಎಷ್ಟು ನೀರು ಬೇಕು ಎಂಬುದನ್ನು ಅಂದಾಜು ಮಾಡಲು ಅಮೆರಿಕದ ರಾಷ್ಟ್ರೀಯ ಅಗ್ನಿಶಾಮಕ ಅಕಾಡೆಮಿಯ ಒಂದು ಸರಳ ಸೂತ್ರ ಬಳಕೆಯಲ್ಲಿದೆ. ಅಡಿಗಳಲ್ಲಿ ಅಳೆದ ಉದ್ದವನ್ನೂ ಅಗಲವನ್ನೂ ಗುಣಿಸಿ 3ರಿಂದ ಭಾಗಿಸಿದರೆ ಗ್ಯಾಲನ್ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಅದನ್ನು ನಮ್ಮ ಅಳತೆಗೆ ತಂದರೆ, ಪೂರ್ತಿ ಹೊತ್ತಿಕೊಂಡ ಕಟ್ಟಡದ ಒಂದು ಅಂತಸ್ತಿನ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 13.5 ಲೀಟರ್ ಬೇಕಾಗುತ್ತದೆ. 12 ಮೀಟರ್ ಉದ್ದ, 10 ಮೀಟರ್ ಅಗಲದ ಮನೆಯೊಂದು ಪೂರ್ತಿ ಉರಿಯುತ್ತಿದ್ದರೆ ನಿಮಿಷಕ್ಕೆ 1,600 ಲೀಟರಿಗೂ ಹೆಚ್ಚು. ಕಾಲು ಭಾಗ ಮಾತ್ರ ಉರಿಯುತ್ತಿದ್ದರೆ ಸುಮಾರು 400 ಲೀಟರ್. ನೀವು ನೋಡಿರುವ ವಾಹನದ ತೊಟ್ಟಿಯಲ್ಲಿ 4,000 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಬೇಗ ತಲುಪಿದರೆ ಅದು ಹತ್ತು ನಿಮಿಷ ಬರುತ್ತದೆ, ತಡವಾಗಿ ತಲುಪಿದರೆ ಎರಡೂವರೆ ನಿಮಿಷದಲ್ಲಿ ಬರಿದಾಗುತ್ತದೆ. ಹಿಂದಿನಿಂದ ನೀರು ಬಂದು ಸೇರುವ ಏರ್ಪಾಡಿಲ್ಲದಿದ್ದರೆ ಆಮೇಲೆ ಆ ವಾಹನ ಅಲ್ಲಿ ಸುಮ್ಮನೆ ನಿಂತಿರುತ್ತದೆ.

ಆದ್ದರಿಂದ ಹೈಡ್ರಂಟ್ ಇಲ್ಲದ ಕಡೆ ದಳದ ನಿಜವಾದ ಶಕ್ತಿಯನ್ನು ವಾಹನದ ಗಾತ್ರದಿಂದ ಅಳೆಯುವುದಿಲ್ಲ, ಟ್ಯಾಂಕರುಗಳ ಸರದಿಯಿಂದ ಅಳೆಯುತ್ತಾರೆ. ನಿಮ್ಮಲ್ಲಿ ಟ್ರಾಕ್ಟರ್ ಟ್ಯಾಂಕರುಗಳಿವೆ ಎಂದಿರಿ, ಅದು ದೊಡ್ಡ ಆಸ್ತಿ. 5,000 ಲೀಟರಿನ ಒಂದು ಟ್ಯಾಂಕರಿನ ಲೆಕ್ಕ ನೋಡೋಣ. ಕೆರೆಯಿಂದ ಬೆಂಕಿಯ ಜಾಗಕ್ಕೆ ಹೋಗಿ ಬರಲು 12 ನಿಮಿಷ, ಸುರಿಯಲು 3 ನಿಮಿಷ, ನಿಮಿಷಕ್ಕೆ 250 ಲೀಟರ್ ಎತ್ತುವ ಸಾಧಾರಣ ನೀರಾವರಿ ಪಂಪಿನಿಂದ ತುಂಬಿಸಲು 20 ನಿಮಿಷ ಆಗುತ್ತದೆ ಎಂದಾದರೆ, ಒಂದು ಸುತ್ತಿಗೆ 35 ನಿಮಿಷ. ಅಂದರೆ ಆ ಟ್ಯಾಂಕರ್ ನಿಮಗೆ ಕೊಡುವುದು ನಿಮಿಷಕ್ಕೆ ಸುಮಾರು 140 ಲೀಟರ್ ಮಾತ್ರ. ಅದೇ ಕೆರೆಯ ದಂಡೆಯಲ್ಲಿ ನಿಮಿಷಕ್ಕೆ 1,000 ಲೀಟರ್ ಎತ್ತುವ, ಹೊತ್ತೊಯ್ಯಬಹುದಾದ ಅಗ್ನಿಶಾಮಕ ಪಂಪನ್ನು ಇಟ್ಟರೆ ತುಂಬಿಸುವ ಕೆಲಸ 5 ನಿಮಿಷಕ್ಕೆ ಇಳಿಯುತ್ತದೆ, ಸುತ್ತು 20 ನಿಮಿಷದಲ್ಲಿ ಮುಗಿಯುತ್ತದೆ, ಅದೇ ಟ್ಯಾಂಕರಿನಿಂದ ನಿಮಿಷಕ್ಕೆ 250 ಲೀಟರ್ ಸಿಗುತ್ತದೆ. ಇಂಥ ಎರಡು ಟ್ಯಾಂಕರುಗಳಿದ್ದರೆ ಒಂದು ಕೋಣೆಯ ಬೆಂಕಿಯನ್ನು ಎದುರಿಸುವಷ್ಟು ನೀರು ನಿಲ್ಲದೆ ಹರಿಯುತ್ತದೆ. ಟ್ಯಾಂಕರನ್ನು ವೇಗವಾಗಿ ಓಡಿಸುವುದರಿಂದ ಉಳಿಯುವುದು ಹೆಚ್ಚೆಂದರೆ ಒಂದೆರಡು ನಿಮಿಷ. ತುಂಬಿಸುವುದನ್ನೂ ಸುರಿಯುವುದನ್ನೂ ಚುರುಕುಗೊಳಿಸಿದರೆ ಉಳಿಯುವುದು ಅದರ ಹಲವು ಪಟ್ಟು.

ವೇಗದ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 5,000 ಲೀಟರ್ ನೀರೆಂದರೆ 5 ಟನ್ ಭಾರ, ಮತ್ತು ಅರ್ಧ ತುಂಬಿದ ತೊಟ್ಟಿಯಲ್ಲಿ ಆ ಭಾರ ಒಂದೆಡೆ ನಿಲ್ಲುವುದಿಲ್ಲ. ತಿರುವಿನಲ್ಲಿ ನೀರು ಪಕ್ಕಕ್ಕೆ ಜಗ್ಗಿ ವಾಹನವನ್ನು ಉರುಳಿಸುತ್ತದೆ. ಸ್ವಯಂಸೇವಕರು ಬೆಂಕಿಯನ್ನು ತಲುಪುವ ಮೊದಲೇ ಪ್ರಾಣ ಕಳೆದುಕೊಂಡ ಪ್ರಕರಣಗಳಲ್ಲಿ ಟ್ಯಾಂಕರ್ ಉರುಳಿದ ಪ್ರಕರಣಗಳಿಗೆ ದೊಡ್ಡ ಪಾಲಿದೆ. ಒಳಗೆ ಅಡ್ಡತಡೆಯ ತಗಡುಗಳಿಲ್ಲದ ತೊಟ್ಟಿಯನ್ನು ಈ ಕೆಲಸಕ್ಕೆ ಬಳಸಲೇಬೇಡಿ.

ಬೆಂಕಿಯ ಜಾಗದಲ್ಲಿ ನೀರು ಸುರಿಯಲು ದಪ್ಪ ಟಾರ್ಪಾಲಿನ ಮಡಚುವ ತೊಟ್ಟಿಯೊಂದು ಬೇಕು. ಟ್ಯಾಂಕರ್ ಅದಕ್ಕೆ ಸುರಿದು ಮರಳುತ್ತದೆ, ಮುಂದಿನ ಪಂಪು ಅದರಿಂದ ಹೀರಿಕೊಳ್ಳುತ್ತಿರುತ್ತದೆ. ಇನ್ನು ಬಾವಿಗಳ ವಿಷಯ. ಮೇಲಿನಿಂದ ಹೀರುವ ಪಂಪು ಸಮುದ್ರಮಟ್ಟದಲ್ಲಿ ಸಿದ್ಧಾಂತದ ಪ್ರಕಾರ 10.3 ಮೀಟರ್ ಆಳದಿಂದ ನೀರು ಎತ್ತಬಲ್ಲದು, ಏಕೆಂದರೆ ನೀರನ್ನು ಮೇಲಕ್ಕೆ ತಳ್ಳುವುದು ವಾಯುಮಂಡಲದ ಒತ್ತಡವೇ ಹೊರತು ಪಂಪಲ್ಲ. ವ್ಯವಹಾರದಲ್ಲಿ 6ರಿಂದ 7 ಮೀಟರಿಗಿಂತ ಹೆಚ್ಚು ನಿರೀಕ್ಷಿಸಬೇಡಿ, ಎತ್ತರದ ಪ್ರದೇಶದಲ್ಲಿ ಅದು ಇನ್ನೂ ಕಡಿಮೆ. ನೀರು ಅದಕ್ಕಿಂತ ಕೆಳಗಿರುವ ಬಾವಿಗಳನ್ನು ಪಟ್ಟಿಯಿಂದ ಬಿಟ್ಟುಬಿಡಿ. ಉಳಿದ ಪ್ರತಿಯೊಂದು ಜಲಮೂಲಕ್ಕೂ ಬೇಸಿಗೆಯ ಕೊನೆಯಲ್ಲಿ ನೀರು ಎಷ್ಟಿರುತ್ತದೆ, ಭಾರದ ವಾಹನ ಮಳೆಗಾಲದಲ್ಲೂ ದಂಡೆಯವರೆಗೆ ಹೋಗಬಲ್ಲದೆ, ಹೀರುಕೊಳವೆ ಎಷ್ಟು ಉದ್ದ ಬೇಕು ಎಂಬುದನ್ನು ನಕ್ಷೆಯ ಮೇಲೆ ಬರೆದಿಡಿ. ಸಾಧ್ಯವಾದರೆ ಕೆರೆಯಲ್ಲಿ ಒಂದು ಕೊಳವೆಯನ್ನು ಶಾಶ್ವತವಾಗಿ ಇಳಿಸಿ, ಅದರ ಬಾಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ. ಕೆರೆಯೊಳಗಿನ ತುದಿಗೆ ಜಾಲರಿ ಇರಲಿ. ಅದು ನೀರಿನ ಮೇಲ್ಮೈಯಿಂದಲೂ ತಳದ ಕೆಸರಿನಿಂದಲೂ ಎರಡು ಅಡಿಯಾದರೂ ದೂರವಿರಲಿ, ಇಲ್ಲವಾದರೆ ಪಂಪು ಗಾಳಿಯನ್ನೋ ಹೂಳನ್ನೋ ಎಳೆದುಕೊಳ್ಳುತ್ತದೆ.

ನನ್ನ ಸಲಹೆಯ ಕ್ರಮ ಇದು: ಮೊದಲು ಪಂಪು, ಹೋಸ್ ಮತ್ತು ಮಡಚುವ ತೊಟ್ಟಿ, ಅದರೊಂದಿಗೆ ಟ್ಯಾಂಕರ್ ಮಾಲೀಕರ ಜೊತೆ ಲಿಖಿತ ಒಪ್ಪಂದ. ವಾಹನದ ಮಾತು ಆಮೇಲೆ.

---

ಹಳೆಯ ಪಂಪು (ಉತ್ತರ)

ಕೆರೆದಂಡೆಯವರ ಲೆಕ್ಕವನ್ನು ನಾನು ಒಪ್ಪುತ್ತೇನೆ. ಹಳೆಯ ವಾಹನದ ಬಗ್ಗೆ ಒಂದೆರಡು ಮಾತು ಸೇರಿಸಬೇಕು.

ಸೇವೆಯಿಂದ ತೆಗೆದ ವಾಹನವನ್ನು ಕೊಳ್ಳುವಾಗ ಎಂಜಿನ್ ಓಡುತ್ತದೆಯೇ ಎಂದು ನೋಡುವುದು ಸಾಲದು. ಪಂಪನ್ನು ಕೆರೆಯ ಬಳಿ ನಿಲ್ಲಿಸಿ, ನೀರು ಹೀರಿಸಿ, ಪೂರ್ಣ ಒತ್ತಡದಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ ನೋಡಿ. ತೊಟ್ಟಿಯ ತಳ ತುಕ್ಕು ಹಿಡಿದಿದೆಯೇ, ಟೈರುಗಳು ತಯಾರಾದ ವರ್ಷ ಯಾವುದು, ಬಿಡಿಭಾಗಗಳು ಇಂದಿಗೂ ಸಿಗುತ್ತವೆಯೇ ಎಂಬುದನ್ನು ವಿಚಾರಿಸಿ. ಅಗ್ನಿಶಾಮಕ ವಾಹನ ಹೆಚ್ಚು ದೂರ ಓಡಿರುವುದಿಲ್ಲ, ಆದ್ದರಿಂದ ಟೈರಿನ ಮೇಲ್ಮೈ ಹೊಸದರಂತೆ ಕಂಡರೂ ರಬ್ಬರು ವಯಸ್ಸಿನಿಂದ ಬಿರಿದಿರಬಹುದು. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಮಾರ್ಗದರ್ಶನದಲ್ಲಿ 15 ವರ್ಷ ದಾಟಿದ ವಾಹನವನ್ನು ಮೀಸಲಿಗೆ ಸರಿಸುವಂತೆ, 25 ವರ್ಷ ದಾಟಿದ್ದನ್ನು ಸೇವೆಯಿಂದಲೇ ತೆಗೆಯುವಂತೆ ಹೇಳಲಾಗಿದೆ. ಮಾರುವವರು ಯಾಕೆ ಮಾರುತ್ತಿದ್ದಾರೆ ಎಂಬುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಉತ್ತರ ಅಲ್ಲಿದೆ.

ಇನ್ನೊಂದು ಮುಖ್ಯ ಸಂಗತಿಯೆಂದರೆ ಹೋಸಿನ ಜೋಡಣೆಗಳು. 1904ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ಅಕ್ಕಪಕ್ಕದ ನಗರಗಳಿಂದ ದಳಗಳು ಧಾವಿಸಿ ಬಂದವು, ಆದರೆ ಹಲವರ ಹೋಸುಗಳು ಅಲ್ಲಿಯ ಹೈಡ್ರಂಟುಗಳಿಗೆ ಹೊಂದಲೇ ಇಲ್ಲ. ಮೂವತ್ತು ಗಂಟೆಗೂ ಹೆಚ್ಚು ಕಾಲ ಉರಿದ ಆ ಬೆಂಕಿ 1,500ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ನೀವು ಕೊಳ್ಳುವ ಪ್ರತಿಯೊಂದು ಜೋಡಣೆಯೂ ಆ ದೂರದ ವೃತ್ತಿಪರ ಠಾಣೆಯವರ ಜೋಡಣೆಗೆ ಹೊಂದುವಂತಿರಲಿ. ಕೊಳ್ಳುವ ಮೊದಲೇ ಅವರ ಠಾಣೆಗೆ ಹೋಗಿ ಕೈಯಾರೆ ಜೋಡಿಸಿ ನೋಡಿ ಬನ್ನಿ.

---

ಹೊಲದಂಚು (ಪ್ರಶ್ನಿಸಿದವರು)

ಇಬ್ಬರಿಗೂ ಕೃತಜ್ಞತೆಗಳು. ನೀರಿನ ಸರದಿಯ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಆದರೆ ಉಸಿರಾಟದ ಸಾಧನದ ಪ್ರಶ್ನೆ ಹಾಗೆಯೇ ಉಳಿದಿದೆ. ಮನೆಯೊಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆ ಎಂದು ಗೊತ್ತಾದಾಗ ಹೊರಗೆ ನಿಂತು ನೋಡುತ್ತಿರಿ ಎಂದು ನಮ್ಮ ಹುಡುಗರಿಗೆ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಹಗಲಿನ ಜನಬಲದ ಬಗ್ಗೆಯೂ ದಯವಿಟ್ಟು ತಿಳಿಸಿ.

---

ಎರಡನೇ ಪಾಳಿ (ಉತ್ತರ)

ಹೊಲದಂಚು ಅವರೇ, ನೀವು ಎತ್ತಿರುವ ಈ ಎರಡು ಪ್ರಶ್ನೆಗಳು ಬೇರೆಬೇರೆಯಲ್ಲ. ಎಷ್ಟು ಜನ, ಎಷ್ಟು ಹೊತ್ತಿನಲ್ಲಿ, ಎಷ್ಟು ತರಬೇತಿಯೊಂದಿಗೆ ಬರುತ್ತಾರೆ ಎಂಬುದೇ ನೀವು ಒಳಗೆ ಹೋಗಬಹುದೇ ಇಲ್ಲವೇ ಎಂಬುದನ್ನು ನಿರ್ಧರಿಸುತ್ತದೆ. ಆದ್ದರಿಂದ ಏನನ್ನು ಕೊಳ್ಳಬೇಕೆಂಬ ಪಟ್ಟಿಗಿಂತ ಮೊದಲು, ಯಾವ ಕೆಲಸಕ್ಕೆ ನಿಮ್ಮ ದಳ ಕೈ ಹಾಕುವುದಿಲ್ಲ ಎಂಬ ಪಟ್ಟಿಯನ್ನು ಬರೆಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಲದ ಲೆಕ್ಕವನ್ನು ನೋಡಿ. ಇಂದಿನ ಮನೆಗಳಲ್ಲಿ ಫೋಮ್ ಮತ್ತು ಪ್ಲಾಸ್ಟಿಕ್ ತುಂಬಿದ ಪೀಠೋಪಕರಣಗಳಿರುವ ಕೋಣೆ ಜ್ವಾಲೆ ಎದ್ದ ಸುಮಾರು ಐದು ನಿಮಿಷದೊಳಗೆ ಒಟ್ಟಿಗೇ ಭುಗಿಲೇಳುವ ಹಂತಕ್ಕೆ ಬರಬಹುದು. ಆಗ ಒಳಗಿನ ಬಿಸಿ 500ರಿಂದ 600 ಡಿಗ್ರಿ ಸೆಲ್ಸಿಯಸ್ ತಲುಪಿರುತ್ತದೆ, ಆ ಕೋಣೆಯಲ್ಲಿ ಯಾರೂ ಬದುಕಿ ಉಳಿಯಲಾರರು, ಪೂರ್ಣ ರಕ್ಷಣಾ ಉಡುಪು ತೊಟ್ಟವರೂ ಕೆಲವು ಕ್ಷಣಗಳಿಗಿಂತ ಹೆಚ್ಚು ತಡೆಯಲಾರರು. ಈಗಾಗಲೇ ಉಲ್ಲೇಖವಾದ ಅಮೆರಿಕದ ಅದೇ ಸಂಘ ಸ್ವಯಂಸೇವಕ ದಳಗಳಿಗಾಗಿಯೇ ರೂಪಿಸಿದ 1720ನೇ ಸಂಖ್ಯೆಯ ಮಾನದಂಡ, ಗ್ರಾಮೀಣ ಪ್ರದೇಶದಲ್ಲಿ ಹತ್ತರಲ್ಲಿ ಎಂಟು ಕರೆಗಳಿಗಾದರೂ 14 ನಿಮಿಷದೊಳಗೆ 6 ಜನ ಸ್ಥಳದಲ್ಲಿರಬೇಕು ಎನ್ನುತ್ತದೆ. ಇದು ಚೆನ್ನಾಗಿ ನಡೆಯುವ ದಳ ಮುಟ್ಟಬೇಕಾದ ಗುರಿ. ಐದು ನಿಮಿಷಕ್ಕೂ ಹದಿನಾಲ್ಕು ನಿಮಿಷಕ್ಕೂ ನಡುವೆ ಇರುವ ಈ ಅಂತರವನ್ನು ಯಾವ ವಾಹನವೂ ತುಂಬುವುದಿಲ್ಲ. ಅದನ್ನು ತುಂಬುವುದು ಮನೆಮನೆಯಲ್ಲಿರುವ ಹೊಗೆ ಎಚ್ಚರಿಕೆಯ ಸಾಧನ, ಮಲಗುವಾಗ ಮುಚ್ಚಿದ ಕೋಣೆಯ ಬಾಗಿಲು ಮತ್ತು ಮನೆಯವರು ಮೊದಲೇ ಮಾತಾಡಿಕೊಂಡ ಹೊರಬರುವ ದಾರಿ. ನೀವು ಕೂಡಿಸಿದ ಹಣದ ಒಂದು ಪಾಲು ಪ್ರತಿ ಮನೆಗೂ ಹೊಗೆ ಎಚ್ಚರಿಕೆಯ ಸಾಧನ ಹಾಕಿಸಲು ಹೋದರೆ, ದಳ ಕಟ್ಟಿದ ಮೊದಲ ವರ್ಷದಲ್ಲಿ ನೀವು ಮಾಡುವ ಅತಿ ಹೆಚ್ಚು ಪ್ರಾಣರಕ್ಷಕ ಕೆಲಸ ಅದೇ ಆಗಿರುತ್ತದೆ.

ಇನ್ನು ಉಸಿರಾಟದ ಸಾಧನ. 6.8 ಲೀಟರ್ ಗಾತ್ರದ ಸಿಲಿಂಡರನ್ನು 300 ಬಾರ್ ಒತ್ತಡಕ್ಕೆ ತುಂಬಿಸಿದರೆ ಸುಮಾರು 2,000 ಲೀಟರ್ ಗಾಳಿ ಇರುತ್ತದೆ. ಕಾಗದದ ಮೇಲೆ ಅದು ಮುಕ್ಕಾಲು ಗಂಟೆಗೂ ಹೆಚ್ಚು ಬರಬೇಕು, ಆದರೆ ಭಾರ ಹೊತ್ತು, ಬಿಸಿಯಲ್ಲಿ, ಗಾಬರಿಯಲ್ಲಿ ಕೆಲಸ ಮಾಡುವವರಿಗೆ ಅದು ಇಪ್ಪತ್ತರಿಂದ ಮೂವತ್ತು ನಿಮಿಷ ಮಾತ್ರ. ಮರಳಿ ಬರಲು ಬೇಕಾದ ಗಾಳಿಯೂ ಅದರಲ್ಲಿಯೇ ಸೇರಿದೆ. ಒಳಗೆ ಇಬ್ಬರು ಜೊತೆಯಾಗಿ ಹೋಗಬೇಕು, ಹೊರಗೆ ಇನ್ನಿಬ್ಬರು ಪೂರ್ತಿ ಸಜ್ಜಾಗಿ ಅವರನ್ನು ಹೊರತರಲು ನಿಂತಿರಬೇಕು ಎಂಬ ನಿಯಮ ಇದಕ್ಕಾಗಿಯೇ ಇದೆ. ಇವರ ಹೊರತಾಗಿ ಪಂಪಿಗೆ ಒಬ್ಬರು, ಆಜ್ಞೆ ಕೊಡಲು ಒಬ್ಬರು ಬೇಕು. ಸಿಲಿಂಡರುಗಳನ್ನು ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು, ಮುಖವಾಡ ಪ್ರತಿಯೊಬ್ಬರ ಮುಖಕ್ಕೂ ಬಿಗಿಯಾಗಿ ಕೂರುವುದನ್ನು ಪರೀಕ್ಷಿಸಬೇಕು, ಶುದ್ಧ ಗಾಳಿ ತುಂಬಿಸುವ ಕಂಪ್ರೆಸರ್ ಎಲ್ಲಿದೆ ಎಂಬುದು ಗೊತ್ತಿರಬೇಕು. ಇಷ್ಟನ್ನು ನಿಭಾಯಿಸಲು ಸಾಧ್ಯವಾಗುವವರೆಗೆ ದಳ ಹೊರಗಿನಿಂದಲೇ ಕೆಲಸ ಮಾಡಲಿ. ಕಿಟಕಿಯ ಮೂಲಕ ಮಾಡಿನ ಕಡೆಗೆ ನೇರ ಧಾರೆ ಹಾಯಿಸಿ ಒಳಗಿನ ಬಿಸಿಯನ್ನು ಇಳಿಸುವುದು, ಪಕ್ಕದ ಮನೆಗೂ ಬಣವೆಗೂ ಬೆಂಕಿ ಹಬ್ಬದಂತೆ ಕಾಯುವುದು, ಅನಿಲದ ಸಿಲಿಂಡರನ್ನು ದೂರದಿಂದ ತಂಪಾಗಿಡುವುದು, ವಿದ್ಯುತ್ ಕಡಿತಗೊಳಿಸಿರುವುದನ್ನು ಖಚಿತಪಡಿಸಿಕೊಳ್ಳುವುದು, ಇವು ಸಣ್ಣ ಕೆಲಸಗಳಲ್ಲ. ಹೊರಗಿನಿಂದ ಹಾಯಿಸಿದ ನೀರೇ ಎಷ್ಟೋ ಬಾರಿ ಒಳಗಿರುವವರಿಗೆ ಬದುಕುವ ಅವಕಾಶವನ್ನು ಹೆಚ್ಚಿಸುತ್ತದೆ.

ಹೊರಗೆ ನಿಲ್ಲಿ ಎಂದು ಹೇಳಲು ಮನಸ್ಸು ಬರುವುದಿಲ್ಲ ಎಂದಿರಿ. ಅದು ಸಹಜ, ಒಳಗಿರುವವರು ನಿಮಗೆಲ್ಲ ಗೊತ್ತಿರುವವರೇ ಆಗಿರುತ್ತಾರೆ. ಸಣ್ಣ ಸಮುದಾಯದ ದಳಕ್ಕೂ ನಗರದ ದಳಕ್ಕೂ ಇರುವ ಅತಿ ದೊಡ್ಡ ವ್ಯತ್ಯಾಸ ಇದು. ಅದಕ್ಕಾಗಿಯೇ ಈ ತೀರ್ಮಾನವನ್ನು ಉರಿಯುವ ಮನೆಯ ಅಂಗಳದಲ್ಲಿ ನಿಂತು ಮಾಡಬಾರದು. ಶಾಂತವಾಗಿರುವಾಗ ಸಭೆಯಲ್ಲಿ ಚರ್ಚಿಸಿ, ಬರೆದು, ಪ್ರತಿಯೊಬ್ಬರೂ ಸಹಿ ಹಾಕಿ, ಊರಿನವರಿಗೂ ತಿಳಿಸಿರಬೇಕು. ಹಾಗೆ ಮಾಡಿದರೆ ಆ ಕ್ಷಣದಲ್ಲಿ ತಡೆಯುವವರ ಮೇಲೆ ನಿರ್ದಯಿ ಎಂಬ ಆರೋಪ ಬರುವುದಿಲ್ಲ. ಘಟನೆ ಮುಗಿದ ಮೇಲೆ ದಳದವರೆಲ್ಲ ಕುಳಿತು ಮಾತಾಡುವ ಪದ್ಧತಿಯನ್ನೂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ, ಬೇಕಾದವರಿಗೆ ಆಪ್ತಸಮಾಲೋಚಕರ ನೆರವು ಸಿಗುವಂತೆ ನೋಡಿಕೊಳ್ಳಿ. ಪರಿಚಿತರ ಸಾವನ್ನು ಕಂಡು ಮರುದಿನ ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗಬೇಕಾದವರ ಭಾರವನ್ನು ನಾವು ಕಡಿಮೆ ಎಣಿಸಬಾರದು.

ಹಗಲಿನ ಜನಬಲದ ಕೊರತೆ ನಿಮ್ಮೊಬ್ಬರದಲ್ಲ. ಅಮೆರಿಕದಲ್ಲಿ 1984ರಲ್ಲಿ ಸುಮಾರು 8,97,000 ಇದ್ದ ಸ್ವಯಂಸೇವಕ ಅಗ್ನಿಶಾಮಕರ ಸಂಖ್ಯೆ 2020ರ ಹೊತ್ತಿಗೆ ಸುಮಾರು 6,76,000ಕ್ಕೆ ಇಳಿದಿತ್ತು. ಜಪಾನಿನ ಸ್ಥಳೀಯ ಸ್ವಯಂಸೇವಕ ದಳಗಳಲ್ಲಿ 1950ರ ದಶಕದಲ್ಲಿ ಸುಮಾರು 20 ಲಕ್ಷ ಜನರಿದ್ದರು, ಈಗ 8 ಲಕ್ಷಕ್ಕಿಂತ ಕಡಿಮೆ. ಇನ್ನೊಂದು ಕಡೆ, ಆಸ್ಟ್ರಿಯಾದಲ್ಲಿ ಪೂರ್ಣ ವೃತ್ತಿಪರ ದಳ ಇರುವುದು 6 ನಗರಗಳಲ್ಲಿ ಮಾತ್ರ, ಉಳಿದ ದೇಶವನ್ನೆಲ್ಲ ಸ್ವಯಂಸೇವಕರೇ ಕಾಯುತ್ತಾರೆ. ಜರ್ಮನಿಯಲ್ಲಿ ಸುಮಾರು 10 ಲಕ್ಷ ಸ್ವಯಂಸೇವಕರಿದ್ದಾರೆ, ಮತ್ತು ಅಲ್ಲಿ ಹೊಸಬರು ಬಹುಪಾಲು ಬರುವುದು ದಳಗಳೇ ನಡೆಸುವ ಮಕ್ಕಳ ಮತ್ತು ಯುವಜನರ ವಿಭಾಗಗಳಿಂದ. ಚಿಲಿಯಲ್ಲಂತೂ 1851ರಲ್ಲಿ ವಾಲ್ಪರೈಸೊದಲ್ಲಿ ಮೊದಲ ದಳ ಹುಟ್ಟಿದಂದಿನಿಂದ ಇಂದಿನವರೆಗೆ ನಗರಗಳಲ್ಲಿಯೂ ಬೆಂಕಿ ಆರಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ. ಜನರನ್ನು ಉಳಿಸಿಕೊಂಡಿರುವ ಕಡೆಗಳಲ್ಲಿ ದಳವೆಂಬುದು ಬೆಂಕಿ ಬಿದ್ದಾಗ ಮಾತ್ರ ನೆನಪಾಗುವ ಸಂಸ್ಥೆಯಾಗಿಲ್ಲ, ಊರಿನ ದಿನನಿತ್ಯದ ಭಾಗವಾಗಿದೆ.

ನಿಮ್ಮ ಮಟ್ಟಿಗೆ ಮೊದಲ ಹೆಜ್ಜೆ ಒಂದು ಗಂಟೆವಾರು ಪಟ್ಟಿ. ಸೋಮವಾರದಿಂದ ಭಾನುವಾರದವರೆಗೆ ಪ್ರತಿ ಹೊತ್ತಿನಲ್ಲೂ ಊರಿನೊಳಗೆ ಯಾರು ಇರುತ್ತಾರೆ ಎಂದು ಬರೆದು ನೋಡಿ. ಹೋಸ್ ಹಿಡಿಯುವ ವಯಸ್ಸು ಮತ್ತು ಮೈಕಟ್ಟು ಇಲ್ಲದವರೂ ಪಂಪು ನಡೆಸಬಲ್ಲರು, ಕೆರೆಯ ಬಳಿ ಟ್ಯಾಂಕರ್ ತುಂಬಿಸಬಲ್ಲರು, ರಸ್ತೆಯ ಕವಲಿನಲ್ಲಿ ನಿಂತು ಬರುವ ವಾಹನಗಳಿಗೆ ದಾರಿ ತೋರಿಸಬಲ್ಲರು, ಕರೆಗಳನ್ನು ನಿಭಾಯಿಸಬಲ್ಲರು. ಹಗಲಲ್ಲಿ ಊರಿನಲ್ಲಿಯೇ ಇರುವ ಮಹಿಳೆಯರನ್ನು ಈ ಪಟ್ಟಿಯಿಂದ ಹೊರಗಿಟ್ಟು ದಳ ಕಟ್ಟುವವರು, ಹಗಲಿನ ಅರ್ಧಕ್ಕೂ ಹೆಚ್ಚು ಶಕ್ತಿಯನ್ನು ತಾವೇ ಕೈಬಿಟ್ಟಂತಾಗುತ್ತದೆ. ಅವರಿಗೆ ಸಹಾಯಕ ಕೆಲಸ ಮಾತ್ರ ಎಂದು ಮೊದಲೇ ಗೆರೆ ಎಳೆಯಬೇಡಿ. ತರಬೇತಿಯಲ್ಲಿ ತೇರ್ಗಡೆಯಾದವರು ಹೋಸ್ ಹಿಡಿಯಲಿ, ದಳವನ್ನು ಮುನ್ನಡೆಸಲಿ. ಹೊರಗೆ ಕೆಲಸಕ್ಕೆ ಹೋಗುವವರ ಮಾಲೀಕರೊಂದಿಗೆ ಮಾತಾಡಿ, ದೊಡ್ಡ ಬೆಂಕಿಯ ಕರೆ ಬಂದರೆ ಒಬ್ಬಿಬ್ಬರನ್ನಾದರೂ ಬಿಟ್ಟುಕೊಡುವ ಒಪ್ಪಿಗೆ ಪಡೆಯಿರಿ.

ಆರೋಗ್ಯ ತಪಾಸಣೆಯನ್ನು ಕಡ್ಡಾಯ ಮಾಡಿ. ಅಮೆರಿಕದಲ್ಲಿ ಕರ್ತವ್ಯದಲ್ಲಿರುವಾಗ ಸಾಯುವ ಅಗ್ನಿಶಾಮಕರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುವುದು ಸುಟ್ಟ ಗಾಯದಿಂದಲ್ಲ, ಹೃದಯಾಘಾತದಿಂದ. ವರ್ಷವಿಡೀ ಸಾಧಾರಣ ಬದುಕು ನಡೆಸಿ ಒಮ್ಮೆಲೇ ಅಷ್ಟು ಶ್ರಮಕ್ಕೆ ಒಡ್ಡಿಕೊಳ್ಳುವ ಮಧ್ಯವಯಸ್ಕ ಸ್ವಯಂಸೇವಕರಿಗೆ ಈ ಅಪಾಯ ಇನ್ನೂ ಹೆಚ್ಚು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ. ಮಸಿ ಹಿಡಿದ ಉಡುಪನ್ನು ಮನೆಗೆ ಒಯ್ಯದೆ ಠಾಣೆಯಲ್ಲಿಯೇ ತೊಳೆಯುವ ವ್ಯವಸ್ಥೆ ಇರಲಿ.

---

ಬಣವೆ ಕಾವಲು (ಉತ್ತರ)

ಮೇಲಿನವರು ಮನೆಯ ಬೆಂಕಿಯ ಬಗ್ಗೆ ಬರೆದಿದ್ದಾರೆ. ಗ್ರಾಮೀಣ ದಳಕ್ಕೆ ಬರುವ ಕರೆಗಳಲ್ಲಿ ಹೊಲ ಮತ್ತು ಕೊಟ್ಟಿಗೆಯ ಅವಘಡಗಳೂ ಇರುತ್ತವೆ, ಅಲ್ಲಿಯ ಅಪಾಯಗಳು ಬೇರೆ.

ಸರಿಯಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಒಳಗೆ ಬಿಸಿ ಏರುತ್ತದೆ. ಬಣವೆಯ ಒಳಗಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ದಿನವೂ ಅಳೆಯುತ್ತಿರಬೇಕು, 80 ಡಿಗ್ರಿ ಹತ್ತಿರ ಬಂದರೆ ದಳ ನೀರಿನೊಂದಿಗೆ ಪಕ್ಕದಲ್ಲಿ ನಿಂತಿರಬೇಕು. ಆ ಹಂತದಲ್ಲಿ ಬಣವೆಯನ್ನು ಬಿಚ್ಚಿದರೆ ಒಳಕ್ಕೆ ಗಾಳಿ ನುಗ್ಗಿ ಕ್ಷಣದಲ್ಲಿ ಹೊತ್ತಿಕೊಳ್ಳಬಹುದು. ಬಣವೆಯ ಮೇಲೆ ಯಾರೂ ನಡೆಯಬಾರದು, ಏಕೆಂದರೆ ಒಳಗೆ ಸುಟ್ಟು ಟೊಳ್ಳಾದ ಜಾಗ ಮೇಲಿನಿಂದ ಕಾಣುವುದಿಲ್ಲ.

ಸಗಣಿಗುಂಡಿ, ಮುಚ್ಚಿದ ಬಾವಿ, ಧಾನ್ಯದ ಕಣಜಗಳಿಗೆ ಇಳಿದವರು ಪ್ರಜ್ಞೆ ತಪ್ಪಿದರೆಂದು ಕರೆ ಬಂದಾಗ, ಉಸಿರಾಟದ ಸಾಧನವಿಲ್ಲದೆ ಒಬ್ಬರೂ ಇಳಿಯಬಾರದು. ಸಗಣಿಗುಂಡಿಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಿನ ಪ್ರಮಾಣದಲ್ಲಿದ್ದರೆ ಮೂಗಿನ ವಾಸನಾಶಕ್ತಿಯನ್ನೇ ಕೊಂದುಬಿಡುತ್ತದೆ, ಆದ್ದರಿಂದ ವಾಸನೆ ಇಲ್ಲ ಎಂಬುದು ಅಪಾಯ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಒಬ್ಬರನ್ನು ಎತ್ತಲು ಇನ್ನೊಬ್ಬರು, ಅವರನ್ನು ಎತ್ತಲು ಮತ್ತೊಬ್ಬರು ಇಳಿದು ಒಂದೇ ಕುಟುಂಬದ ಹಲವರು ಸತ್ತ ದುರಂತಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಎರಡನೇ ಪಾಳಿಯವರು ಹೇಳಿದ ಕೈ ಹಾಕದ ಕೆಲಸಗಳ ಪಟ್ಟಿಯಲ್ಲಿ ಇದನ್ನು ಮೇಲಿನ ಸಾಲಿನಲ್ಲಿ ಬರೆಯಿರಿ.

ಕಾಡಿನ ಅಂಚಿಗೆ ಭಾರದ ವಾಹನಕ್ಕಿಂತ ಬೆನ್ನಿಗೆ ಹಾಕಿಕೊಳ್ಳುವ ನೀರಿನ ಪಂಪುಗಳು, ಬೆಂಕಿ ಬಡಿಯಲು ಉದ್ದ ಹಿಡಿಯ ಬಡಿಗೆಗಳು, ಕುಂಟೆಗಳು ಮತ್ತು ಬೇಸಿಗೆಗೆ ಮುಂಚೆ ಸವರಿದ ಬೆಂಕಿರೇಖೆಗಳು ಹೆಚ್ಚು ಉಪಯುಕ್ತ. ಬೆಂಕಿ ಏರುದಾರಿಯಲ್ಲಿ ವೇಗವಾಗಿ ಓಡುತ್ತದೆ. ಮೇಲಿನಿಂದ ಅದಕ್ಕೆ ಎದುರಾಗಿ ಇಳಿಯುವುದು ಬೇಡ, ಈಗಾಗಲೇ ಸುಟ್ಟ ಕಡೆಯಿಂದ ಪಕ್ಕಗಳನ್ನು ಹಿಡಿದು ಸಾಗಲಿ. ಮರಳುವ ದಾರಿ ಯಾವುದೆಂದು ಪ್ರತಿಯೊಬ್ಬರಿಗೂ ಗೊತ್ತಿರಲಿ.

---

ಹೊಲದಂಚು (ಪ್ರಶ್ನಿಸಿದವರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ವಾಹನದ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಪಂಪು, ಹೋಸ್, ಮಡಚುವ ತೊಟ್ಟಿ, ಹೊಗೆ ಎಚ್ಚರಿಕೆಯ ಸಾಧನಗಳು ಮತ್ತು ಹೊರಗಿನಿಂದ ಕೆಲಸ ಮಾಡುವವರಿಗೆ ಬೇಕಾದ ಉಡುಪು, ಶಿರಸ್ತ್ರಾಣ, ಬೂಟುಗಳಿಗೆ ಹಣ ಮೀಸಲಿಡಬೇಕೆಂದು ಸಭೆಯಲ್ಲಿ ಪ್ರಸ್ತಾಪಿಸುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ನಮ್ಮ ದಳ ಕೆಲಸ ಮಾಡುತ್ತಿರುವಾಗ ವೃತ್ತಿಪರ ಠಾಣೆಯವರು ಬಂದು ಸೇರಿದರೆ ಯಾರ ಮಾತು ನಡೆಯಬೇಕು? ಇಲ್ಲಿ ಮನಸ್ತಾಪಕ್ಕೆ ಎಡೆಯಾಗಬಾರದೆಂಬುದು ನಮ್ಮ ಇಚ್ಛೆ.

---

ಹಳೆಯ ಪಂಪು (ಉತ್ತರ)

ಇದನ್ನು ಲಿಖಿತ ಪರಸ್ಪರ ನೆರವಿನ ಒಪ್ಪಂದದಲ್ಲಿಯೇ ಸ್ಪಷ್ಟಪಡಿಸಿಕೊಳ್ಳಿ. ಸ್ವಯಂಸೇವಕರ ವಿಮೆ ಮತ್ತು ಗಾಯಗೊಂಡವರ ಚಿಕಿತ್ಸೆಯ ಹೊಣೆ ಯಾರದೆಂಬುದೂ ಅದರಲ್ಲಿರಲಿ. ಸಾಮಾನ್ಯವಾಗಿ ಮೊದಲು ತಲುಪಿದ ದಳದ ನಾಯಕರು ಸ್ಥಳದ ಅಧಿಕಾರ ವಹಿಸಿಕೊಳ್ಳುತ್ತಾರೆ, ವೃತ್ತಿಪರ ಅಧಿಕಾರಿ ಬಂದ ಮೇಲೆ ಅವರಿಗೆ ಎದುರೆದುರು ನಿಂತು ವಹಿಸಿಕೊಡುತ್ತಾರೆ. ಫೋನಿನಲ್ಲೋ ಕೂಗಿಯೋ ಅಲ್ಲ.

ಬೆಂಕಿಯ ಕರೆ ಬಂದ ಕೂಡಲೇ, ನಿಮ್ಮವರು ಹೊರಡುವ ಹೊತ್ತಿಗೇ, ಆ ಠಾಣೆಗೂ ಕರೆ ಹೋಗಿರಬೇಕು. ನಾವೇ ನೋಡಿಕೊಳ್ಳುತ್ತೇವೆ, ಆಗದಿದ್ದರೆ ಕರೆಯೋಣ ಎಂದು ಕಾದರೆ ಮುಕ್ಕಾಲು ಗಂಟೆಯ ದಾರಿ ಒಂದು ಗಂಟೆಗೂ ಮೀರುತ್ತದೆ. ನಿಮ್ಮಲ್ಲಿ ಮೊದಲು ಸ್ಥಳ ತಲುಪಿದವರು ಕಟ್ಟಡವನ್ನು ಒಂದು ಸುತ್ತು ಹಾಕಿ ಏನು ಉರಿಯುತ್ತಿದೆ, ಒಳಗೆ ಜನರಿದ್ದಾರೆಯೇ, ಬೆಂಕಿ ಯಾವ ಕಡೆಗೆ ಹಬ್ಬುತ್ತಿದೆ, ಅನಿಲದ ಸಿಲಿಂಡರ್ ಮತ್ತು ವಿದ್ಯುತ್ ತಂತಿಗಳು ಎಲ್ಲಿವೆ, ನೀರು ಎಲ್ಲಿಂದ ಬರುತ್ತಿದೆ, ದೊಡ್ಡ ವಾಹನ ಯಾವ ದಾರಿಯಿಂದ ಬರಬೇಕು ಎಂಬುದನ್ನು ದಾರಿಯಲ್ಲಿರುವ ಅಧಿಕಾರಿಗೆ ತಿಳಿಸಲಿ. ವರ್ಷಕ್ಕೆ ಒಂದೆರಡು ಬಾರಿಯಾದರೂ ಅವರೊಂದಿಗೆ ಜಂಟಿ ತಾಲೀಮು ಏರ್ಪಡಿಸಿ, ನಿಮ್ಮ ಕೆರೆಯ ದಂಡೆಯಲ್ಲಿ ಅವರ ವಾಹನಕ್ಕೆ ನೀರು ತುಂಬಿಸಿ ನೋಡಿ.

ಅಧಿಕಾರ ವಹಿಸಿಕೊಡುವಾಗ ಹೇಳಬೇಕಾದ ಮೊದಲ ಮಾತು ನಿಮ್ಮವರು ಒಟ್ಟು ಎಷ್ಟು ಜನ ಸ್ಥಳದಲ್ಲಿದ್ದಾರೆ, ಪ್ರತಿಯೊಬ್ಬರೂ ಎಲ್ಲಿ ನಿಂತಿದ್ದಾರೆ ಎಂಬುದು. ಇದಕ್ಕಾಗಿ ಪ್ರತಿಯೊಬ್ಬ ಸದಸ್ಯರಿಗೂ ಹೆಸರು ಬರೆದ ಬಿಲ್ಲೆ ಕೊಡಿ. ಸ್ಥಳಕ್ಕೆ ಬಂದ ಕೂಡಲೇ ಅದನ್ನು ಪಂಪಿನ ಬಳಿಯ ಹಲಗೆಗೆ ಸಿಕ್ಕಿಸಬೇಕು, ಹೊರಡುವಾಗ ತಾವೇ ತೆಗೆದುಕೊಳ್ಳಬೇಕು, ಮತ್ತು ಬೇರೆಯವರ ಬಿಲ್ಲೆಯನ್ನು ಯಾರೂ ಮುಟ್ಟಬಾರದು.